ರ ನಡುವಿನ ಚುಕ್ಕೆ

ರ ಬರೆದು ಅದರ ಹೊಟ್ಟೆಯಲ್ಲಿ ಒಂದು ಚುಕ್ಕೆ ಇಟ್ಟರೆ ಠ. ಸ್ಲೇಟಿನ ಮೇಲೆ ಅಕ್ಷರ ತಿದ್ದಿದವರಿಗೆ ಇದು ಹೊಸದಲ್ಲ. ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ, ಗ್ರಾಫ್ ಹಾಳೆಯಲ್ಲಿ. ನಾವು ಸಿರುಮುಗೈ ಕಡೆಯ ದೇವಾಂಗರು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕೊಯಮತ್ತೂರು ಸೀಮೆಯ ನಮ್ಮಂಥ ನೇಕಾರರ ಮನೆಗಳಲ್ಲಿ ಕನ್ನಡ ನಾಲಗೆಯ ಮೇಲಷ್ಟೇ ಉಳಿದಿದೆ, ಬೆರಳಿಗೆ ಇಳಿದಿಲ್ಲ.

ನನ್ನ ಕೆಲಸ ತಿರುಪ್ಪೂರಿನಲ್ಲಿ, ಬನಿಯನ್ನಿನ ಕುತ್ತಿಗೆಗೆ ಹೊಲಿಯುವ ನೇಯ್ದ ಲೇಬಲ್ಲುಗಳಿಗೆ ಡಿಸೈನ್ ಹಾಕುವುದು. ಪರದೆಯ ಮೇಲಿನ ಒಂದು ಚೌಕ ಎಂದರೆ ಬಟ್ಟೆಯಲ್ಲಿ ಹಾಸು ಹೊಕ್ಕು ಸೇರುವ ಒಂದು ಜಾಗ. ಅಗಲಕ್ಕೆ 5, ಎತ್ತರಕ್ಕೆ 7 ಚೌಕ ಕೊಟ್ಟರೆ ಇಂಗ್ಲಿಷಿನ ಯಾವ ದೊಡ್ಡಕ್ಷರವಾದರೂ ಕೂರುತ್ತದೆ. ಹಳೆಯ ಕಂಪ್ಯೂಟರುಗಳ ಅಕ್ಷರಗಳ ಮೇಲೆ ನನಗೆ ಆಸೆ ಹುಟ್ಟಿದ್ದು ಈ ಲೇಬಲ್ಲುಗಳಿಂದಲೇ. 1981ರ ಐಬಿಎಂ ಪಿಸಿಯ ಬಣ್ಣದ ಪರದೆಯಲ್ಲಿ ಪ್ರತಿ ಅಕ್ಷರಕ್ಕೂ 8ಕ್ಕೆ 8 ಚೌಕದ ಮನೆ; ತೆಳ್ಳನೆಯ ಐಗೂ ದಪ್ಪನೆಯ ಡಬ್ಲ್ಯೂಗೂ ಅಷ್ಟೇ ಜಾಗ. 1984ರ ಮ್ಯಾಕಿಂಟಾಶ್‌ಗೆ ಸೂಸನ್ ಕೇರ್ ಬಿಡಿಸಿದ ಮೊನ್ಯಾಕೊ ಕೂಡ ಸಮ ಅಗಲದ್ದೇ. ಕಸೂತಿ, ಮೊಸಾಯಿಕ್ ಮಾಡಿ ಪಳಗಿದ ಕೈ ಅದು. ಗ್ರಾಫ್ ಪುಸ್ತಕದಲ್ಲಿ ಚೌಕ ತುಂಬುತ್ತಲೇ ಆಕೆ ಆ ಕೆಲಸಕ್ಕೆ ಇಳಿದದ್ದು ಎಂದು ಓದಿದಾಗ ನಮ್ಮ ಕೇರಿಯವರೇ ಯಾರೋ ಅನ್ನಿಸಿತು.

ಕನ್ನಡಕ್ಕೂ ಇಂಥದ್ದೊಂದು ಮನೆ ಕಟ್ಟೋಣ ಎಂದು ಕೂತೆ. ತಲಕಟ್ಟಿಗೆ 3 ಸಾಲು, ಅಕ್ಷರದ ಒಡಲಿಗೆ 9, ಒತ್ತಿಗೆ 6, ಒಟ್ಟು 18. ಅಗಲ 16. ವ, ಮ, ಯ ಮೂವರೂ ಒಂದೇ ಬಸಿರಿನವರು, ಬಾಲವಷ್ಟೇ ಬೇರೆ. ಆ ಬಾಲಕ್ಕೆ ಎಷ್ಟು ಚೌಕ ಕೊಟ್ಟರೆ ಮ ಮ ಆಗಿಯೇ ಉಳಿಯುತ್ತದೆ ಎಂದು ನೋಡುತ್ತ ರಾತ್ರಿಗಳು ಕಳೆದವು. ದ ಧ ಆಗಲು ಕೆಳಗೊಂದು ಸೀಳು ಸಾಕು. ಯೋ ಮಾತ್ರ ಯಾವ ಲೆಕ್ಕಕ್ಕೂ ಬಗ್ಗಲಿಲ್ಲ. ಅದಕ್ಕೆ ಎರಡು ಮನೆ ಬಿಟ್ಟುಕೊಟ್ಟೆ. 1998ರಲ್ಲಿ ರೋಮನ್ ಚಿಬೋರಾ ಶುರುಮಾಡಿದ ಯೂನಿಫಾಂಟ್‌ನಲ್ಲೂ ಹೀಗೆ ಎರಡು ಅಳತೆಯಿದೆ: ಕೆಲವಕ್ಕೆ 8 ಚೌಕದಗಲ, ಕೆಲವಕ್ಕೆ 16. ಸಮ ಅಗಲ ಎಂದರೆ ಹಟವಲ್ಲ, ಒಪ್ಪಂದ ಎಂದು ನಾನು ನಂಬಿದ್ದೇನೆ.

ಇನ್ನು ಠ. ಎರಡು ಠ ಪಕ್ಕಪಕ್ಕ ಇಟ್ಟು, ನಡುವೆ ಗೆರೆ ಎಳೆದು, ಕನ್ನಡದ ಗಂಧವೇ ಇಲ್ಲದ ದೇಶಗಳ ಜನ ಅಸಮಾಧಾನದ ಮುಖ ಮಾಡಿ ಕಳಿಸುತ್ತಾರೆ. ಅವರಿಗೆ ಅದು ಕಣ್ಣು, ಒಳಗಿನ ಚುಕ್ಕೆ ಕಣ್ಣುಪಾಪೆ. ಪರದೆಯ ಮೇಲೆ ಆ ಚುಕ್ಕೆಗೆ ಒಂದೇ ಚೌಕ ಸಾಕು. ಬಟ್ಟೆಯಲ್ಲಿ ಸಾಲದು. ಒಂಟಿ ಎಳೆ ಅಕ್ಕಪಕ್ಕದ ಎಳೆಗಳ ನಡುವೆ ಮುಳುಗಿಹೋಗುತ್ತದೆ, ಠ ಮತ್ತೆ ರ ಆಗಿಬಿಡುತ್ತದೆ. ಎರಡಕ್ಕೆ ಎರಡು ಕೊಟ್ಟ ಮೇಲೆ ಕಣ್ಣು ಬಿಟ್ಟಿತು.

ಇದು ತಿಳಿದದ್ದು ಅವ್ವನ ಮಗ್ಗದಲ್ಲಿ. ಅದರ ಜಕಾರ್ಡ್ ಪೆಟ್ಟಿಗೆಗೆ 240 ಕೊಕ್ಕೆ; 16ರಂತೆ ಹಂಚಿದರೆ ಸರಿಯಾಗಿ 15 ಮನೆ. ಹೊಕ್ಕಿನ ಒಂದು ಸಾಲಿಗೆ ಒಂದು ರಟ್ಟು, ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ನನ್ನ ಒಂದು ಸಾಲು ಬರಹ ಎಂದರೆ 18 ರಟ್ಟು. ಆಗ ಮಗ್ಗದಲ್ಲಿದ್ದದ್ದು ಅಂಗುಲಕ್ಕೆ 80 ಎಳೆ ಹಾಸು, 60 ಎಳೆ ಹೊಕ್ಕು. ಹಾಗಾಗಿ ಹಾಳೆಯ ಮೇಲೆ ದುಂಡಗೆ ಬಿಡಿಸಿದ ರ ಬಟ್ಟೆಗೆ ಇಳಿದಾಗ ಮೊಟ್ಟೆಯಂತೆ ಉದ್ದವಾಯಿತು. ಅಗಲ 12, ಎತ್ತರ 9 ಮಾಡಿ ಹಾಳೆಯಲ್ಲಿ ಅದನ್ನು ಚಪ್ಪಟೆ ಮಾಡಿದೆ. ಮಗ್ಗದಲ್ಲಿ ಪೂರ್ಣಚಂದ್ರನಾಗಿ ಬಂತು. ಆ ದಿನದ ಖುಷಿ ಈಗಲೂ ನನ್ನಲ್ಲಿದೆ.

ಮೊದಲು ನೇಯಿಸಿದ ಮಾತು 'ಅಕ್ಕರ'. ಓದಿದವರು ಅಕ್ಷರ ಅನ್ನುವುದನ್ನು ಹಳಬರು ಹೀಗನ್ನುತ್ತಿದ್ದರು. ಮೂರು ಮನೆ, ನಡುವೆ ಒಂದು ಒತ್ತು. 15 ಮನೆಗೆ ಐದು ಸಲ. ಸೆರಗಿನ ತುದಿಯಲ್ಲಿ ಕೆಂಪು ಎಳೆಯ ಅಕ್ಷರಗಳು ಒಂದೊಂದೇ ಸಾಲಾಗಿ ಏಳುವುದನ್ನು ಮಗ್ಗದ ಪಕ್ಕ ಕೂತು ನೋಡಿದೆ. ಲಾಳಿ ಹೋಗಿ ಬಂದಾಗಲೆಲ್ಲ ಕ ತುಸು ಹೆಚ್ಚು ಕ ಆಗುತ್ತಿತ್ತು.

ಅವ್ವನಿಗೆ ಕನ್ನಡ ಓದಲು ಬಾರದು. ಒತ್ತಿನ ಮೇಲೆ ಬೆರಳಿಟ್ಟು, "ಇದು ಯಾಕೆ ಕೆಳಗೆ ತೂಗಾಡ್ತದೆ?" ಅಂದಳು.

"ಅದೂ ಕ ನೇ ಅವ್ವ. ತಲಕಟ್ಟು ಬಿಟ್ಟು ಕೆಳಗೆ ಕೂತಿದೆ."

"ನೀಟಾಗಿದೆ" ಎಂದವಳೇ ಬಟ್ಟೆಯನ್ನು ಮಗುಚಿದಳು. ನೇಕಾರರು ಮುಖ ನೋಡಿ ಒಪ್ಪುವವರಲ್ಲ, ಬೆನ್ನು ನೋಡಿ ಒಪ್ಪುವವರು. ರ ಇದ್ದ ಕಡೆ, ಅಕ್ಷರ ಕಿರಿದಾಗಿ ಮನೆಯ ಅಂಚು ಖಾಲಿ ಉಳಿದಿದ್ದಲ್ಲಿ, ಕೆಂಪು ಎಳೆ ಹಿಂದುಗಡೆ ಬಿಗಿಯಿಲ್ಲದೆ ತೇಲುತ್ತಿತ್ತು. ಅವ್ವ ಉಗುರಿನಿಂದ ಅದನ್ನೆತ್ತಿ ತೋರಿಸಿದಳು. "ಬಳೆಗೆ ಸಿಕ್ಕೊಂಡು ಕಿತ್ತೋಗ್ತದೆ ಕಣೋ. ಇದನ್ನ ಇನ್ನೊಂದಿಷ್ಟು ಅಗಲ ಮಾಡು."

ಹಳೆಯ ಟೈಪ್‌ರೈಟರಿನವರು ಐ ಅಕ್ಷರದ ತಲೆಗೂ ಪಾದಕ್ಕೂ ಅಡ್ಡಪಟ್ಟಿ ಹಾಕಿ ಮನೆ ತುಂಬಿಸಿದ್ದು ನೆನಪಾಯಿತು. ರ ಗೆ ಪಾದವಿಲ್ಲ, ತಲಕಟ್ಟಿದೆ. ಅದನ್ನು ಎಡಕ್ಕೊಂದು, ಬಲಕ್ಕೊಂದು ಚೌಕ ಎಳೆದೆ, ನಡುವೆ ಎಳೆ ಬಿಗಿಯಲು ಒಂದು ಕಟ್ಟು ಕೊಟ್ಟೆ. ಹದಿನೆಂಟರಲ್ಲಿ ಮೇಲಿನ ಮೂರು ರಟ್ಟು ತೆಗೆದು ಹೊಸದಾಗಿ ತೂತು ಹೊಡೆಯಲು ಕೂತಾಗ ಅವ್ವ ಮುಂದಿನ ಸಾಲಿಗೆ ಕೆಂಪು ನೂಲು ಸುತ್ತುತ್ತಿದ್ದಳು.