ಪುಟ್ಟ ಎಂಜಿನ್ನಿನ ದೊಡ್ಡ ಲೆಕ್ಕ

ಬೈಕ್ ಓಟದಲ್ಲಿ ಗೆಲ್ಲುವವರು ಯಾರು? ಯಾವ ಹುಡುಗನನ್ನು ಕೇಳಿದರೂ ಥಟ್ಟನೆ ಬರುವ ಉತ್ತರ ಒಂದೇ: ದೊಡ್ಡ ಎಂಜಿನ್ ಇರುವವರು. ಉತ್ತರ ಪೂರ್ತಿ ತಪ್ಪೇನಲ್ಲ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಕಟ್ಟುವ ಹಾಗೆ, ಓಟದ ಬೈಕುಗಳನ್ನೂ ಎಂಜಿನ್ನಿನ ಗಾತ್ರ ನೋಡಿ ವಿಂಗಡಿಸಿ, ಸಮಬಲದವರ ನಡುವೆಯೇ ಸ್ಪರ್ಧೆ ಏರ್ಪಡಿಸುವುದು ರೂಢಿ. ಆದರೆ ಮೋಟೊಕ್ರಾಸ್ ಎಂಬ ಆಟದಲ್ಲಿ ವರ್ಷಕ್ಕೊಮ್ಮೆ ಈ ರೂಢಿಯನ್ನು ಬೇಕೆಂದೇ ಮುರಿಯುತ್ತಾರೆ.

ಮೋಟೊಕ್ರಾಸ್ ಡಾಂಬರು ರಸ್ತೆಯ ಆಟವಲ್ಲ. ಮಣ್ಣು, ಮರಳು, ಕೆಸರು, ಕಡಿದಾದ ಏರು, ಮೈ ನಡುಗಿಸುವ ಇಳಿಜಾರು, ಬೈಕನ್ನು ಗಾಳಿಗೆಸೆಯುವ ದಿಬ್ಬ, ಇವೆಲ್ಲ ಇರುವ ಹಾದಿಯಲ್ಲಿ ಸುತ್ತು ಹಾಕುವ ಓಟ. ಸವಾರರೆಲ್ಲ ಒಂದೇ ಸಾಲಿನಲ್ಲಿ ನಿಂತು, ಮುಂದಿನ ತಡೆ ಬಿದ್ದ ಕೂಡಲೇ ಒಟ್ಟಿಗೆ ನುಗ್ಗುತ್ತಾರೆ. ವರ್ಷಕ್ಕೊಮ್ಮೆ ದೇಶ ದೇಶಗಳ ತಂಡಗಳು ಸೇರುವ ‘ಮೋಟೊಕ್ರಾಸ್ ಆಫ್ ನೇಷನ್ಸ್’ ಪಂದ್ಯದಲ್ಲಿ ಒಂದೊಂದು ತಂಡಕ್ಕೆ ಮೂವರು ಸವಾರರು. 1980ರ ದಶಕದ ನಡುವಿನಲ್ಲಿ ಅವರಲ್ಲಿ ಒಬ್ಬನಿಗೆ 125 ಸಿ.ಸಿ. ಬೈಕು, ಇನ್ನೊಬ್ಬನಿಗೆ 250, ಮತ್ತೊಬ್ಬನಿಗೆ 500. ಒಂದೊಂದು ಓಟದಲ್ಲಿ ಎರಡು ವರ್ಗಗಳು ಒಟ್ಟಿಗೆ ಓಡಬೇಕು. ಅಂದರೆ 125ರ ಸವಾರನಿಗೆ ತನ್ನ ನಾಲ್ಕು ಪಟ್ಟು ಗಾತ್ರದ ಎಂಜಿನ್ನನ್ನು ಎದುರಿಸುವುದು ತಪ್ಪಿದ್ದಲ್ಲ.

1986ರಲ್ಲಿ ಈ ಪಂದ್ಯ ಉತ್ತರ ಇಟಲಿಯ ಮಜೋರಾ ಎಂಬ ಊರಿನಲ್ಲಿ ನಡೆಯಿತು. ಗುಡ್ಡದ ಮೈಯಲ್ಲಿ ಹತ್ತಿ ಇಳಿಯುವ ಹಾದಿ ಅದು. ಅಮೆರಿಕ ತಂಡದ 125ರ ಸವಾರ ಜಾನಿ ಒಮಾರಾ. ಈತ ಹೊಸಬನೇನಲ್ಲ, 1983ರಲ್ಲಿ ತನ್ನ ದೇಶದ 125 ಸಿ.ಸಿ. ಮೋಟೊಕ್ರಾಸ್ ಚಾಂಪಿಯನ್, 1984ರಲ್ಲಿ ಸೂಪರ್‌ಕ್ರಾಸ್ ಚಾಂಪಿಯನ್. ಸೈಕಲ್ ತುಳಿದು, ಓಡಿ, ಮೈಯನ್ನು ಹುರಿಗೊಳಿಸಿಕೊಂಡ ಶ್ರಮಜೀವಿ ಎಂದೂ ಹೆಸರಾಗಿದ್ದವನು. ಎದುರಿಗೆ 500 ಸಿ.ಸಿ. ಹೋಂಡಾದ ಮೇಲೆ ಇದ್ದವರಲ್ಲಿ ಒಬ್ಬ ಬ್ರಿಟನ್ನಿನ ಡೇವ್ ಥಾರ್ಪ್. 1985 ಮತ್ತು 1986, ಎರಡೂ ವರ್ಷ ಆ ವರ್ಗದ ವಿಶ್ವ ಚಾಂಪಿಯನ್.

ಒಮಾರಾನ ಹೋಂಡಾ ನಮ್ಮ ಊರಿನ ಬೀದಿಯಲ್ಲಿ ಕಾಣುವ 125ರಂಥದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಆಫೀಸಿಗೆ ಹೋಗಿಬರುವ ಬೈಕಿನ ಶಕ್ತಿ ಸುಮಾರು 11 ಅಶ್ವಶಕ್ತಿಯಾದರೆ, ಓಟಕ್ಕೆಂದೇ ಮಾಡಿದ ಟೂ ಸ್ಟ್ರೋಕ್ 125 ಅದರ ಮೂರು ಪಟ್ಟು ಕೊಡಬಲ್ಲದು. ಆದರೂ 500ರ ಮುಂದೆ ಅದು ಹೆಚ್ಚು ಕಡಿಮೆ ಅರ್ಧ ಬಲದ ಬೈಕು. ಸಾಲದ್ದಕ್ಕೆ ಆ ಬಲವೂ ಕೇಳಿದಾಗಲೆಲ್ಲ ಸಿಗುವುದಿಲ್ಲ. ಎಂಜಿನ್ ನಿಮಿಷಕ್ಕೆ 10,000 ಸುತ್ತುಗಳ ಆಸುಪಾಸಿನಲ್ಲಿ ಕಿರುಚುತ್ತಿರುವಾಗ ಮಾತ್ರ ಅದರ ಪೂರ್ತಿ ಬಲ. ಸ್ವಲ್ಪ ಕೆಳಗಿಳಿಯಿತೋ, ಉಸಿರು ಕಟ್ಟಿದಂತಾಗುತ್ತದೆ. ಆಗ ಕ್ಲಚ್ಚನ್ನು ಬೆರಳಿನಲ್ಲಿ ಮಿಡಿದು, ಗೇರು ಇಳಿಸಿ, ಅದನ್ನು ಮತ್ತೆ ಮೇಲಕ್ಕೆತ್ತಬೇಕು. ಓಟ ಮುಗಿಯುವವರೆಗೂ ಎಡಗೈಗೆ, ಎಡಗಾಲಿಗೆ ಬಿಡುವಿಲ್ಲ.

ಹಾಗಾದರೆ ಚಿಕ್ಕ ಬೈಕಿನವನು ಗಳಿಸುವುದೆಲ್ಲಿ? ತಿರುವಿನಲ್ಲಿ. 500ರ ಸವಾರ ತಿರುವಿಗೆ ಬಂದಾಗ ಬ್ರೇಕು ಹಾಕಿ, ಬೈಕನ್ನು ತಿರುಗಿಸಿ, ಆಕ್ಸಿಲರೇಟರ್ ತಿರುವಿದರೆ ಮುಗಿಯಿತು. ಕಳೆದುಕೊಂಡ ವೇಗ ಕ್ಷಣದಲ್ಲಿ ವಾಪಸು. ತಿರುವಿನಲ್ಲಿ ಆದ ತಪ್ಪನ್ನು ಎಂಜಿನ್ ಮುಚ್ಚಿಹಾಕುತ್ತದೆ. 125ರವನಿಗೆ ಆ ಸೌಲಭ್ಯವಿಲ್ಲ. ಇಲ್ಲಿ ಕಳೆದ ವೇಗವನ್ನು ಮುಂದಿನ ಏರಿನ ಉದ್ದಕ್ಕೂ ಬಡ್ಡಿ ಸಮೇತ ತೀರಿಸಬೇಕು. ಆದ್ದರಿಂದ ಅವನು ಬ್ರೇಕನ್ನು ತಡವಾಗಿ ಹಾಕುತ್ತಾನೆ, ಬೇಗ ಬಿಡುತ್ತಾನೆ. ಹೊರಗಿನ ಮಣ್ಣಿನ ದಂಡೆಗೆ ಚಕ್ರವನ್ನು ಆನಿಸಿ, ಬಂದ ವೇಗದಲ್ಲೇ ಸುತ್ತಿ ಹೊರಬೀಳುವ ದಾರಿ ಹುಡುಕುತ್ತಾನೆ. ದೊಡ್ಡ ಬೈಕಿಗಿಂತ ಹತ್ತು ಕಿಲೋಗೂ ಹೆಚ್ಚು ಹಗುರವಾದ ಬೈಕು ಆಗ ಅವನ ಮಾತು ಕೇಳುತ್ತದೆ. ಸಣ್ಣ ಸಂಬಳದಲ್ಲಿ ಮನೆ ನಡೆಸುವ ಗೃಹಿಣಿಯ ಲೆಕ್ಕವೇ ಇದು. ಗಳಿಕೆ ಹೆಚ್ಚಿಸುವುದು ಕೈಯಲ್ಲಿಲ್ಲ; ಸೋರುವುದನ್ನು ನಿಲ್ಲಿಸುವುದು ಕೈಯಲ್ಲಿದೆ.

ಮಜೋರಾದಲ್ಲಿ 125 ಮತ್ತು 500 ಒಟ್ಟಿಗೆ ಓಡಿದ ಓಟವನ್ನು ಗೆದ್ದವನು ಒಮಾರಾನ ತಂಡದವನೇ ಆದ, 500ರ ಮೇಲಿದ್ದ ಡೇವಿಡ್ ಬೇಲಿ. ಅವನ ಹಿಂದೆಯೇ ಎರಡನೆಯವನಾಗಿ ಬಂದವನು ಒಮಾರಾ! ವಿಶ್ವ ಚಾಂಪಿಯನ್ ಥಾರ್ಪನನ್ನು 125ರ ಮೇಲೆ ಹಿಂದಿಕ್ಕಿದ ಆ ಓಟವನ್ನು ಮೋಟೊಕ್ರಾಸ್ ಬಲ್ಲವರು ಇಂದಿಗೂ ನೆನೆಯುತ್ತಾರೆ. ಅವನು ಮೊದಲ ಸ್ಥಾನ ಗೆಲ್ಲಲಿಲ್ಲ ಎಂಬುದನ್ನೂ ಮರೆಯಬಾರದು. ನೇರ ಹಾದಿಯಲ್ಲಿ, ಏರಿನಲ್ಲಿ ಬಲವೇ ಬಲ. ಅಲ್ಲಿ ಕಳೆದುಕೊಳ್ಳುವುದನ್ನು ಒಪ್ಪಿಕೊಂಡು, ಗಳಿಸಬಹುದಾದ ಕಡೆ ಒಂದಿಷ್ಟನ್ನೂ ಬಿಡದಿರುವುದೇ ಅವನು ಮಾಡಿದ ಕೆಲಸ. ಆ ವರ್ಷದ ಟ್ರೋಫಿ ಅಮೆರಿಕಕ್ಕೇ ಹೋಯಿತು.

ಈ ಮಾತು ತಂದೆ ತಾಯಿಯರಿಗೂ ಸಲ್ಲುತ್ತದೆ. ಮೋಟೊಕ್ರಾಸ್ ಬೇರೂರಿದ ದೇಶಗಳಲ್ಲಿ ಮಕ್ಕಳು 50 ಸಿ.ಸಿ. ಬೈಕಿನಿಂದ ಶುರು ಮಾಡಿ 65, 85, 125 ಎಂದು ಮೆಟ್ಟಿಲು ಹತ್ತುತ್ತಾರೆ. ಮಗ ಸೋತು ಬಂದಾಗ ‘ಬೈಕು ಚಿಕ್ಕದಾಯಿತು, ಇನ್ನೊಂದು ಕೊಡಿಸಿ’ ಎನ್ನುವುದು ಅಲ್ಲಿಯೂ ಇದ್ದದ್ದೇ. ಬೇಗ ದೊಡ್ಡದನ್ನು ಕೊಡಿಸಿದರೆ ಹುಡುಗ ನೇರ ಹಾದಿಯಲ್ಲಿ ವೇಗವಾಗಿ ಹೋಗುತ್ತಾನೆ, ನಿಜ. ಆದರೆ ಎಲ್ಲಿ ತಪ್ಪುತ್ತಿದ್ದೇನೆಂದು ಅವನಿಗೆ ತಿಳಿಯುವುದೇ ಇಲ್ಲ. ತಿಳಿಯುವ ದಿನ ಬಂದಾಗ ಕೆಳಗೆ ಬೀಳುವ ವೇಗವೂ ದೊಡ್ಡದಾಗಿರುತ್ತದೆ. ಕಾಲೇಜು ಸೇರಿದ ಕೂಡಲೇ ರಸ್ತೆಗೆ ದೊಡ್ಡ ಬೈಕು ಬೇಕೆಂದು ಹಟ ಹಿಡಿಯುವ ಮಗನ ಮನೆಯಲ್ಲೂ ಇದನ್ನು ಒಮ್ಮೆ ಯೋಚಿಸಬಹುದು. ಅಲ್ಲಿ ಮಣ್ಣಿನ ದಂಡೆಯಿಲ್ಲ, ಎದುರಿಗೆ ಲಾರಿ ಇರುತ್ತದೆ.

ಒಮಾರಾನ ಸಾಹಸ ಒಂದೇ ಸಲದ ಅದೃಷ್ಟವೇನಲ್ಲ. ಕಾಲ ಬದಲಾಗಿ ಫೋರ್ ಸ್ಟ್ರೋಕ್ ಎಂಜಿನ್ನುಗಳು ಬಂದು, 250 ಚಿಕ್ಕದು, 450 ದೊಡ್ಡದು ಎಂದಾಯಿತು. 2007ರಲ್ಲಿ ಇದೇ ಪಂದ್ಯ ಅಮೆರಿಕದ ಮೇರಿಲ್ಯಾಂಡ್‌ನ ಬಡ್ಸ್ ಕ್ರೀಕ್‌ನಲ್ಲಿ ನಡೆದಾಗ, 19 ವರ್ಷದ ರಯಾನ್ ವಿಲೊಪೊಟೊ 250ರ ಮೇಲೆ ಕುಳಿತು ತಾನು ಓಡಿದ ಎರಡೂ ಓಟಗಳನ್ನು ಗೆದ್ದ. 450ರವರೆಲ್ಲ ಅವನ ಹಿಂದೆ. ಮುಂದೆ ಅವನೂ 450ಕ್ಕೆ ಏರಿದ. 2011ರಿಂದ 2014ರವರೆಗೆ ಸತತ ನಾಲ್ಕು ವರ್ಷ ಅಮೆರಿಕದ ಸೂಪರ್‌ಕ್ರಾಸ್ ಪ್ರಶಸ್ತಿ ಅವನದಾಯಿತು. ದೊಡ್ಡ ಎಂಜಿನ್ ಕೈಗೆ ಬರುವಷ್ಟರಲ್ಲಿ ತಿರುವುಗಳ ಪಾಠವನ್ನು ಚಿಕ್ಕದು ಕಲಿಸಿ ಮುಗಿಸಿತ್ತು.