ಪೇಟಿ ಮಾಸ್ತರರ ಕರಾರು

ಡಿಸೆಂಬರ್ ಬಂತೆಂದರೆ ನಮ್ಮ ಬೇವೂರಿನ ಕಡೆಯೂ ಅಯ್ಯಪ್ಪ ಮಾಲೆ ಹಾಕಿದವರು ಕಾಣತೊಡಗುತ್ತಾರೆ. ರಾತ್ರಿ ಭಜನೆ ಮುಗಿದ ಮೇಲೆ ಮೈಕಿನಲ್ಲಿ ಯೇಸುದಾಸರ ‘ಹರಿವರಾಸನಂ’. ಅದನ್ನು ಕೇಳುತ್ತ ಕೂತಿದ್ದ ಗೆಳೆಯನೊಬ್ಬ, “ಯೇಸುದಾಸ್ ಕ್ರಿಶ್ಚನ್ನರಲ್ಲೇನಪಾ? ಮತ್ತ ಅಯ್ಯಪ್ಪನ ಹಾಡು ಹೆಂಗ ಹಾಡಿದ್ರು? ಇದು ರೊಕ್ಕದ ಭಕ್ತಿ ಬಿಡು” ಎಂದ. ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಒಬ್ಬರ ಧರ್ಮದ ಪಂಚಾಯಿತಿ ಮುಗಿಸಿದ ಮಹಾರಾಯ! ಆ ಮಾತು ನನ್ನನ್ನು ಇನ್ನೂ ಚುಚ್ಚುತ್ತಿದೆ.

ಯೇಸುದಾಸ್ ಹುಟ್ಟಿದ್ದು 1940ರ ಜನವರಿ 10ರಂದು, ಫೋರ್ಟ್ ಕೊಚ್ಚಿಯ ಕ್ಯಾಥೊಲಿಕ್ ಮನೆಯಲ್ಲಿ. 1961ರಲ್ಲಿ ಸಿನಿಮಾಕ್ಕೆಂದು ಮೊದಲು ಹಾಡಿದ್ದು ನಾರಾಯಣ ಗುರುಗಳ ಪದ್ಯ. ಹುಟ್ಟುಹಬ್ಬಕ್ಕೆ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಮುಂದೆ ಹಾಡುವ ರೂಢಿಯನ್ನು ದಶಕಗಳ ಕಾಲ ನಡೆಸಿದರು. ಗುರುವಾಯೂರಿನ ಗುಡಿ ಒಳಗೆ ಬಿಡಲಿಲ್ಲ. ಅವರು ಹೆಸರು ಬದಲಿಸಲಿಲ್ಲ, ಕ್ರಿಸ್ತನ ಹಾಡುಗಳನ್ನೂ ಬಿಡಲಿಲ್ಲ. ತಂದೆ ಅಗಸ್ಟಿನ್ ಜೋಸೆಫ್ ನಾಟಕದ ನಟರು, ಹಾಡುಗಾರರು.

ನಾಟಕ ಎಂದೊಡನೆ ನನ್ನ ಮನಸ್ಸು ಕಂಪನಿಯ ತಗಡಿನ ಥೇಟರಿಗೆ ಓಡುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಿಂದ ಬೇಸಿಗೆ ಮುಗಿಯುವವರೆಗೆ ನಮ್ಮ ಸೀಮೆಯಲ್ಲಿ ನಾಟಕದ ಸುಗ್ಗಿ. ಒಂದು ಕಂಪನಿಯಲ್ಲಿ ಮುದಗಲ್ಲ ಕಡೆಯ ಪೇಟಿ ಮಾಸ್ತರರು, ಅಂದರೆ ಹಾರ್ಮೋನಿಯಂ ನುಡಿಸುವವರು, ಇದ್ದರು. ಹದಿನಾರನೆಯ ಶತಮಾನದಿಂದಲೂ ಕ್ರೈಸ್ತರಿರುವ ಊರು ಅದು. ಮಾಸ್ತರರೂ ಕ್ರೈಸ್ತರೇ. ಕಾಲಲ್ಲಿ ಗಾಳಿ ತುಳಿಯುತ್ತ ಅವರು ನಾಂದಿಗೆ ಸ್ವರ ಹಿಡಿದರೆ ಅಂಗಿಯ ಗುಂಡಿಯ ಸಂದಿಯಲ್ಲಿ ಸಣ್ಣ ಶಿಲುಬೆ ಅಲುಗಾಡುತ್ತಿತ್ತು. ಆ ಪೇಟಿಯಾದರೂ ಎಲ್ಲಿಯದು? 1842ರಲ್ಲಿ ಪ್ಯಾರಿಸ್ಸಿನ ಡೆಬೇನ್ ಪೇಟೆಂಟ್ ಮಾಡಿಸಿದ ವಾದ್ಯ. ಪಾದ್ರಿಗಳ ಕೈಯಲ್ಲಿ ಪ್ರಾರ್ಥನೆಗೆ ನುಡಿದದ್ದು ನಮ್ಮಲ್ಲಿ ಗಣಪತಿಯ ಪದಕ್ಕೂ ನುಡಿಯಿತು.

ಮಾಲಕರ ಹತ್ತಿರ ಮಾಸ್ತರರದು ಎರಡು ಕರಾರು. ಶುಭ ಶುಕ್ರವಾರ ಪೇಟಿ ಮುಟ್ಟುವುದಿಲ್ಲ. ಕ್ಯಾಥೊಲಿಕ್ ಚರ್ಚಿನಲ್ಲೂ ಪವಿತ್ರ ಗುರುವಾರದ ಮಹಿಮಾಗೀತೆ ಮುಗಿದರೆ ಈಸ್ಟರ್ ಜಾಗರಣೆಯವರೆಗೆ ವಾದ್ಯಗಳನ್ನು ಸುಮ್ಮನಿರಿಸುವ ಪದ್ಧತಿಯುಂಟು. ಜಾತ್ರೆಯ ದಿನಗಳು, ಕಲೆಕ್ಷನ್ ಜೋರು. ಆದರೂ ಮಾಲಕರು ಒಪ್ಪಿದರು, ಪಗಾರವನ್ನೂ ಕಡಿಯಲಿಲ್ಲ.

ಎರಡನೆಯದೇ ಕಠಿಣ. ಟೀವಿ ಬಂದ ಮೇಲೆ ಜನರನ್ನು ಎಳೆಯಲು ಕಂಪನಿಗಳು ದ್ವಂದ್ವಾರ್ಥದ ಹಾಸ್ಯಕ್ಕೆ ಜೋತುಬಿದ್ದವಲ್ಲ, ಅಂಥ ಮಾತಿಗೆ ಪೇಟಿಯ ಒಂದು ಝಲಕ್ ಬಿದ್ದರೇನೇ ಶಿಳ್ಳೆ. ಮಾಸ್ತರರು ಆ ಹೊತ್ತಿಗೆ ಎರಡೂ ಕೈ ತೊಡೆಯ ಮೇಲಿಟ್ಟು ಕೂತುಬಿಡುತ್ತಿದ್ದರು. ಕೇಳಿದರೆ, “ಗಣಪತಿ ಪದ ನುಡಿಸಿದ್ರ ನನ್ನ ಯೇಸು ಸಿಟ್ಟಾಗಂಗಿಲ್ರಿ. ಹೆಣ್ಮಕ್ಕಳ ಮಾನ ಹರಾಜ ಹಾಕೂ ಮಾತಿಗೆ ಸಾಥ್ ಕೊಟ್ರ ಆಗ್ತಾನ” ಎನ್ನುತ್ತಿದ್ದರು. ದೇವಶಾಸ್ತ್ರ ಓದಿದವರು ಬೇರೆ ರೀತಿ ಹೇಳಬಹುದು. ನನಗೆ ಮಾತ್ರ ಮಾಸ್ತರರ ಮಾತೇ ಸರಿ. ಬಣ್ಣದ ಲೋಕದಲ್ಲಿ ನಂಬಿಕೆಗೆ ಕುತ್ತು ಬರುವುದು ಇನ್ನೊಬ್ಬರ ದೇವರಿಂದಲ್ಲ, ಶಿಳ್ಳೆಯ ಆಸೆಯಿಂದ.

ಕಂಪನಿ ಒಂದೆರಡು ಹಂಗಾಮು ಸಹಿಸಿಕೊಂಡಿತು. ಆಮೇಲೆ ಮಾಸ್ತರರನ್ನು ಬಿಡಿಸಿ ಕೀಬೋರ್ಡಿನ ಹುಡುಗನನ್ನು ತಂದರು. ಈಗ ಧಾರಾವಾಹಿ, ಆರ್ಕೆಸ್ಟ್ರಾ, ಸಿನಿಮಾ ಎಂದು ಬೆಂಗಳೂರಿನಲ್ಲಿ ದುಡಿಯುವ ಕ್ರೈಸ್ತ ಹುಡುಗ ಹುಡುಗಿಯರು ಎಷ್ಟೋ ಮಂದಿ. ಅವರ ಭಕ್ತಿಯನ್ನು ತೂಗುವ ಮೊದಲು, ಬೇಡವೆಂದು ಅವರು ಕೈಬಿಟ್ಟ ಕೆಲಸಗಳು ಯಾವುವು ಎಂದು ಒಮ್ಮೆ ಕೇಳಿ ನೋಡಿ.