ಮೇಷ್ಟರ ಜಾವಾ

ಹಳೆಯ ವಾಹನದ ಮೋಹ ಹತ್ತಿದವನಿಗೆ ಅಂಗಡಿಯವನ ಬಿಲ್ಲೂ ಹೆಂಡತಿಯ ಬೈಗುಳವೂ ಜೊತೆಜೊತೆಯಾಗಿಯೇ ಬರುತ್ತವೆ. ಮೈಸೂರಿನ ನಿವೃತ್ತ ಮೇಷ್ಟರೊಬ್ಬರಿಗೆ ಇವೆರಡೂ ಧಾರಾಳವಾಗಿ ದೊರೆತವು.

ಅವರ ಹಿತ್ತಿಲಿನ ಸೂರಿನಡಿ ತಂದೆಯವರ ಜಾವಾ ಮೋಟಾರ್ ಸೈಕಲ್ಲು ಇಪ್ಪತ್ತು ವರ್ಷಗಳಿಂದ ಧೂಳು ಹೊದ್ದು ನಿಂತಿತ್ತು. ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗುವ ಆ ವಿಚಿತ್ರ ವಾಹನ ಹುಟ್ಟಿದ್ದು ಅದೇ ಊರಿನಲ್ಲಿ. 1961ರಲ್ಲಿ ತಯಾರಿಕೆ ತೊಡಗಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಬೀದಿಯ ತಿರುವಿನಲ್ಲಿ ಅದರ ಸದ್ದು ಕೇಳಿದೊಡನೆ ಕಾಫಿಗೆ ನೀರಿಡುತ್ತಿದ್ದ ತಾಯಿಗೆ ಈಗ ಎಂಬತ್ತಾರು.

“ಆ ಸದ್ದು ಇನ್ನೊಂದು ಸಲ ಕೇಳಬೇಕು ಕಣೋ” ಎಂದು ಆಕೆ ಒಂದು ಸಂಜೆ ಅಂದರು. ಅಷ್ಟೇ ಸಾಕಾಯಿತು.

ಮಡದಿ ಪಿಂಚಣಿಯಲ್ಲಿ ತಿಂಗಳಿಗೆ ಎರಡು ಸಾವಿರ ರೂಪಾಯಿ ಮಂಜೂರು ಮಾಡಿದರು. ಮೇಷ್ಟರು ಕನ್ನಡಕ ಏರಿಸಿ ಅಂತರ್ಜಾಲದ ಅಂಗಡಿಗಳಿಗೆ ನುಗ್ಗಿದರು. ಅಲ್ಲೊಂದು ಪಿಸ್ಟನ್ನು ಬೆಳ್ಳಿಯ ಬಟ್ಟಲಿನಂತೆ ಹೊಳೆಯುತ್ತಿತ್ತು. ಬೆಲೆಯೋ, ಉಳಿದೆಡೆಯ ಅರ್ಧ! ಕೂಡಲೇ ತರಿಸಿದರು.

ಮುದುಕ ಮೆಕ್ಯಾನಿಕ್ಕು ಅದನ್ನು ಸಿಲಿಂಡರಿನೊಳಗಿಟ್ಟು ನಕ್ಕ. “ಮೇಷ್ಟರೇ, ಇದು ನಿಮ್ಮ ತಂದೆಯವರ ಕಾಲದಲ್ಲೇ ಬೋರ್ ಮಾಡಿಸಿದ ಸಿಲಿಂಡರು. ಅಪ್ಪನ ಚಪ್ಪಲಿಯಲ್ಲಿ ಮಗು ಕಾಲಿಟ್ಟ ಹಾಗಾಯಿತು.”

ಕಾರ್ಖಾನೆಯ ಅಳತೆ 65 ಮಿಲಿಮೀಟರು. ಒಮ್ಮೆ ಕೊರೆಸಿದ ಮೇಲೆ, ಕೊರೆದಷ್ಟೇ ದಪ್ಪನಾದ ಪಿಸ್ಟನ್ನು ಬೇಕು. ಕಾಲು ಮಿಲಿಮೀಟರಿನ ವ್ಯತ್ಯಾಸವೂ ಅಲ್ಲಿ ನಡೆಯದು. ಮಾರಿದವನು ಹಿಂದಕ್ಕೆ ಪಡೆಯಲಿಲ್ಲ. ಇಡೀ ತಿಂಗಳ ಹಣ ಬೆಳ್ಳಿ ಬಟ್ಟಲಾಗಿ ಮೇಜಿನ ಮೇಲೆ ಕುಳಿತಿತು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಅಂದಿನಿಂದ ತಾವೇ ವಿದ್ಯಾರ್ಥಿಯಾದರು. ಮೊದಲು ಹಳೆಯ ಭಾಗವನ್ನು ವರ್ನಿಯರಿನಿಂದ ಅಳೆಯುವುದು. ಅನಂತರ ಮಾರುವವನಿಂದ ಅಳತೆಪಟ್ಟಿ ಪಕ್ಕದಲ್ಲಿಟ್ಟ ಚಿತ್ರ ತರಿಸುವುದು. ಹಿಂತಿರುಗಿಸುವ ಕರಾರನ್ನು ಓದುವುದು. ಜಾವಾದ ತವರಾದ ಚೆಕ್ ದೇಶದಲ್ಲಿ ಇಂದಿಗೂ ಬಿಡಿಭಾಗಗಳು ತಯಾರಾಗುತ್ತವೆ. ಆದರೆ ಅಂಚೆವೆಚ್ಚ, ಸುಂಕ ಸೇರಿಸಿ ಕೂಡಿದ ಮೇಲೆಯೇ ಅಗ್ಗವೋ ತುಟ್ಟಿಯೋ ತಿಳಿಯುವುದು.

ಬೇರಿಂಗಿನ ಗುಟ್ಟು ಅವರಿಗೆ ಎಲ್ಲಕ್ಕಿಂತ ಹಿಡಿಸಿತು. ಅದರ ಮೈಮೇಲಿನ ಸಂಖ್ಯೆಯೇ ಅದರ ಜಾತಕ. 6204 ಎಂದಿದ್ದರೆ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿಲಿಮೀಟರು. ಯಾವ ದೇಶದ್ದಾದರೂ ಅಷ್ಟೇ. ‘ಹಳೆಯ ಜಾವಾದ್ದು’ ಎಂಬ ಬಿರುದು ಹೊತ್ತು ಮೂರು ಪಟ್ಟು ಬೆಲೆಗೆ ನಿಂತಿದ್ದ ಬೇರಿಂಗು, ಸಂಖ್ಯೆ ಹೇಳಿದಾಗ ಮಾಮೂಲಿ ಅಂಗಡಿಯಲ್ಲೇ ದೊರೆಯಿತು.

ರಬ್ಬರಿನ ಭಾಗಗಳೆಲ್ಲ ಹೊಸತಾದವು. ಪೆಟ್ರೋಲ್ ಟ್ಯಾಂಕನ್ನು ಮಾತ್ರ ಮೇಷ್ಟರು ಬದಲಿಸಲಿಲ್ಲ. ಅದರ ಎಡಮಗ್ಗುಲಿನ ತಗ್ಗು, ಬಾಲ್ಯದಲ್ಲಿ ತಾವೇ ಗಾಡಿ ಬೀಳಿಸಿ ಮಾಡಿದ್ದು. ಅದಕ್ಕೆ ತಂದೆ ಬೈದಿರಲಿಲ್ಲ.

ಹನ್ನೊಂದನೆಯ ತಿಂಗಳು ಒಂದು ಸಂಜೆ, ನಾಲ್ಕನೆಯ ಕಿಕ್ಕಿಗೆ ಹಿತ್ತಿಲ ತುಂಬ ನೀಲಿ ಹೊಗೆ ಹಬ್ಬಿತು. ಹಳೆಯ ಸದ್ದು ಮನೆಯೊಳಕ್ಕೆ ನಡೆಯಿತು. ತಾಯಿ ಏನೂ ಹೇಳಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಎದ್ದರು.

ಮೇಷ್ಟರು ಕೈಯ ಗ್ರೀಸು ತೊಳೆದು ಒಳಗೆ ಬರುವಷ್ಟರಲ್ಲಿ ಒಲೆಯ ಮೇಲೆ ಕಾಫಿಗೆ ನೀರು ಕುದಿಯುತ್ತಿತ್ತು.